ಅಮ್ಮನ ಮನಸ್ಸಿಗೆ ಇಳಿಯುವ ಕಥೆ: ನಾನು ಬರೆದ ಬಗೆ

ಇನ್ನೊಬ್ಬರ ಮನಸ್ಸನ್ನು ಓದಬಲ್ಲ ಮಗಳೊಬ್ಬಳು ತನ್ನ ತಾಯಿಯ ಮನಸ್ಸಿಗೆ ಇಳಿಯುತ್ತಾಳೆ. ತಾಯಿ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ನಡೆದ, ಆಮೇಲೆ ಯಾರಿಗೂ ಹೇಳದ ಸಂಗತಿಯೊಂದನ್ನು ಹುಡುಕುತ್ತಾಳೆ. ನಾನು ಬರೆದ ನೀಳ್ಗತೆಯ ತಿರುಳು ಇಷ್ಟೇ. ಈ ವಸ್ತುವನ್ನು ಸುಲಭ ಮಾಡಿಕೊಳ್ಳುವ ದಾರಿಗಳು ಬೇಕಾದಷ್ಟಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ತಾಯಿಗೆ ಅನ್ಯಾಯ ಮಾಡುತ್ತವೆ. ಹಾಗಾಗಿ ನಾನು ಹಿಡಿದ ದಾರಿಯನ್ನು ಬರೆದಿಡಬೇಕೆನ್ನಿಸಿತು.

ಎಲ್ಲಕ್ಕಿಂತ ಸುಲಭದ್ದು ಮನಸ್ಸನ್ನು ಸಿನಿಮಾ ಮಾಡಿಬಿಡುವುದು. ಮಗಳು ಕಣ್ಣು ಮುಚ್ಚುತ್ತಾಳೆ, ಹಳೆಯ ದೃಶ್ಯ ಮೊದಲಿನಿಂದ ಕೊನೆಯವರೆಗೆ ಕಾಣುತ್ತದೆ, ಗುಟ್ಟು ರಟ್ಟಾಗುತ್ತದೆ. ಇದನ್ನು ಬರೆಯಲು ಕೂರುವ ಮೊದಲೇ ಕೈಬಿಟ್ಟೆ. ಕೈಬಿಡಲು ಬಲ ಕೊಟ್ಟದ್ದು ಪತಂಜಲಿಯ ಯೋಗಸೂತ್ರ. ವಿಭೂತಿಪಾದದಲ್ಲಿ ‘ಪ್ರತ್ಯಯಸ್ಯ ಪರಚಿತ್ತಜ್ಞಾನಮ್’ ಎಂದು ಪರರ ಮನಸ್ಸನ್ನು ತಿಳಿಯುವ ಸಿದ್ಧಿಯನ್ನು ಹೇಳಿದ ಬೆನ್ನಿಗೇ ಒಂದು ಮಿತಿ ಬರುತ್ತದೆ: ‘ನ ಚ ತತ್ ಸಾಲಂಬನಮ್’. ಎದುರಿನವರ ಚಿತ್ತ ಆಸೆಯಲ್ಲಿದೆ ಎಂಬುದು ಯೋಗಿಗೆ ತಿಳಿಯುತ್ತದೆ. ಆ ಆಸೆ ಯಾವುದರ ಮೇಲೆ ಎಂಬುದು ತಿಳಿಯುವುದಿಲ್ಲ. ಕೆಲವು ಪ್ರತಿಗಳು ಈ ಎರಡನೆಯ ಮಾತನ್ನು ಸೂತ್ರವೆಂದು ಎಣಿಸದೆ ಭಾಷ್ಯಕ್ಕೆ ಸೇರಿಸುತ್ತವೆ. ಎಲ್ಲಿದ್ದರೂ ಕಥೆಗಾರರ ಪಾಲಿಗೆ ಇದು ದೊಡ್ಡ ಕಾಣಿಕೆ. ಮಗಳಿಗೆ ತಾಯಿಯ ಭಯ ಸಿಗುತ್ತದೆ, ಯಾವುದರ ಭಯ ಎಂಬುದು ಸಿಗುವುದಿಲ್ಲ. ಅದನ್ನು ತಿಳಿಯಲು ಅವಳು ಮನಸ್ಸಿನಿಂದ ಹೊರಗೆ ಬಂದು, ಎಲ್ಲ ಮಕ್ಕಳಂತೆ ತಾಯಿಯ ಪಕ್ಕದಲ್ಲಿ ಕುಳಿತು ನೋಡಬೇಕು. ಕಥೆಯ ಕಾಲು ನೆಲಕ್ಕೆ ತಾಗಿದ್ದು ಇಲ್ಲಿಂದ.

ನೆಲ ಎಂದರೆ ಶರಾವತಿ ಕಣಿವೆ. ನನ್ನ ಅಮ್ಮನ ತವರು ಲಿಂಗನಮಕ್ಕಿಯ ಮುಳುಗಡೆಗೆ ಹೋದ ಊರುಗಳಲ್ಲಿ ಒಂದು. 1964ರಲ್ಲಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆಗಳ ಮೇಲೆ ನೀರು ನಿಂತಿತು. ಜೋಗದ ವಿದ್ಯುತ್ತಿಗಾಗಿ ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಿನಲ್ಲಿ ಮುಳುಗಿತು. ಬರದ ಬೇಸಿಗೆಯಲ್ಲಿ ಅದು ಮೈದೋರುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಡೆಯ ಕುಟುಂಬಗಳ ಅನೇಕರಿಗೆ ಕೊಟ್ಟ ಜಾಗದ ಹಕ್ಕುಪತ್ರದ ಗೋಳು ಇಂದಿಗೂ ಮುಗಿದಿಲ್ಲ. ನಾಡಿಗೆ ಬೆಳಕು ಕೊಟ್ಟವರ ಮನೆಯ ಈ ಕತ್ತಲೆಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಥೆಯಲ್ಲಿ ಅದನ್ನು ಭಾಷಣವಾಗಲು ಬಿಡಲಿಲ್ಲ, ಆದರೆ ಅದು ಇಲ್ಲದಿದ್ದರೆ ಕಥೆಯನ್ನೇ ಬರೆಯುತ್ತಿರಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳು ಜಲಾಶಯದ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಕಥೆಯ ತಾಯಿ ಪತ್ರಿಕೆ ಬಿಡಿಸಿದೊಡನೆ ಅವಳ ಮನಸ್ಸು ಬಿಗಿಯುತ್ತದೆ, ಮಗಳಿಗೆ ಅದು ತನ್ನ ಹೊಟ್ಟೆಯಲ್ಲೇ ಹಿಡಿದಂತೆ ತಿಳಿಯುತ್ತದೆ. ಯಾವ ಸುದ್ದಿಗೆ ಎಂದು ತಿಳಿಯದು. ಕೊನೆಗೆ ತಾಯಿಯ ಬೆರಳು ಯಾವ ಸಾಲಿನ ಮೇಲೆ ನಿಲ್ಲುತ್ತದೆ ಎಂದು ಕಣ್ಣಿನಿಂದ ನೋಡಿ ತಿಳಿಯುತ್ತಾಳೆ. ಅದೇ ತಾಯಿ ದಿನವೂ ಬೆಳಿಗ್ಗೆ ತುಳಸಿಕಟ್ಟೆಗೆ ನೀರು ಹಾಕುವಾಗ ಅವಳಲ್ಲಿ ಏಳುವುದು ಭಯವಲ್ಲ, ನಾಚಿಕೆ. ಮಗಳು ಇವೆರಡನ್ನೂ ಬೇರೆ ಬೇರೆ ಸಂಗತಿಗಳೆಂದುಕೊಂಡು ಬಹಳ ದೂರ ಅಲೆಯುತ್ತಾಳೆ.

ಕಥೆಯ ನಡುಭಾಗಕ್ಕೆ ಬೇಕಾದ ಅಪಾಯ ಮನಶ್ಶಾಸ್ತ್ರದಿಂದ ಬಂತು. ನೆನಪು ಇಟ್ಟಲ್ಲೇ ಇರುವ ವಸ್ತುವಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನರಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಓದಲು ಕೊಟ್ಟರು. ಮೂರು ನಿಜ, ಮನೆಯವರಿಂದ ಕೇಳಿ ಬರೆದವು. ನಾಲ್ಕನೆಯದು, ಮಗುವಾಗಿದ್ದಾಗ ಅಂಗಡಿಗಳ ಸಂಕೀರ್ಣದಲ್ಲಿ ಕಳೆದುಹೋದದ್ದು, ಕಟ್ಟಿದ ಕಥೆ. ಸುಮಾರು ಕಾಲುಭಾಗ ಜನ ಅದನ್ನೂ ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿಸಿಕೊಂಡರು. 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದು ಇನ್ನೂ ಆಳದ್ದು: ಗಟ್ಟಿಯಾಗಿ ನಿಂತ ಭಯದ ನೆನಪೂ ಮತ್ತೆ ಎಬ್ಬಿಸಿದಾಗ ಕೆಲಹೊತ್ತು ಮೆತ್ತಗಾಗುತ್ತದೆ, ಆಗ ಅದನ್ನು ಕೆಡಿಸಲು ಸಾಧ್ಯ.

ಇವನ್ನು ಓದಿದ ಮೇಲೆ ಮನಸ್ಸಿಗಿಳಿಯುವ ಮಗಳು ನನಗೆ ನಿರಪಾಯದವಳಾಗಿ ಕಾಣಲೇ ಇಲ್ಲ. ಅವಳು ಒಯ್ಯುವ ಊಹೆಯೇ ಅಲ್ಲಿ ಬೇರು ಬಿಡಬಹುದು. ನನಗೆ ಅತ್ಯಂತ ಇಷ್ಟವಾದ ದೃಶ್ಯ ಇದರಿಂದಲೇ ಹುಟ್ಟಿತು. ಮಗಳು ತಾಯಿಯ ಒಳಗಿದ್ದುಕೊಂಡೇ ‘ಯಾರಾದರೂ ನೀರಿಗೆ ಬಿದ್ದರೇ?’ ಎಂದು ಯೋಚಿಸುತ್ತಾಳೆ. ಆ ಕ್ಷಣದಲ್ಲಿ ತಾಯಿಯ ಮನಸ್ಸಿನಲ್ಲಿ ನೀರು ಏರುತ್ತದೆ. ಆ ನೀರು ಮೊದಲೇ ಅಲ್ಲಿತ್ತೋ, ತಾನು ತಂದದ್ದೋ ಅವಳಿಗೆ ಇನ್ನೆಂದಿಗೂ ತಿಳಿಯುವುದಿಲ್ಲ. ಅವಳು ಹೆದರಿ ಹೊರಗೆ ಬರುತ್ತಾಳೆ, ಬಹಳ ದಿನ ತಾಯಿಯ ಕಣ್ಣಿಗೆ ಕಣ್ಣು ಕೊಡುವುದಿಲ್ಲ.

ಭಾಷೆಯ ವಿಷಯದಲ್ಲಿ ಕನ್ನಡ ನನ್ನನ್ನು ಕಾಪಾಡಿತು. ಮಗಳು ತಾಯಿಯೊಳಗೆ ಇರುವಾಗ ‘ನಾನು’ ಎಂದರೆ ಯಾರು? ನಮ್ಮ ಮನೆಗಳಲ್ಲಿ ಅಮ್ಮನನ್ನು ಏಕವಚನದಲ್ಲೇ ಕರೆಯುತ್ತೇವೆ. ಭೂತಕಾಲದಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಕ್ರಿಯಾಪದ ಒಂದೇ. ಕರ್ತೃಪದವನ್ನು ತೆಗೆದುಬಿಟ್ಟರೆ ಸಾಕು: ‘ಬಾಗಿಲು ತೆಗೆದೆ. ಅಂಗಳಕ್ಕೆ ಇಳಿದೆ. ತೋಟದ ದಾರಿಯಲ್ಲಿ ಓಡಿದೆ.’ ಓಡಿದವಳು ತಾಯಿಯೋ ಮಗಳೋ ಎಂದು ಓದುಗರು ಹೇಳಲಾರರು, ಮಗಳೂ ಹೇಳಲಾರಳು. ಹೊರಗೆ ಬರುವಾಗ ವರ್ತಮಾನಕ್ಕೆ ತಿರುಗಿದೆ: ‘ನೋಡುತ್ತೀಯ. ನೋಡುತ್ತೇನೆ.’ ಅಲ್ಲಿಗೆ ಇಬ್ಬರೂ ಬೇರೆಯಾದರು. ಓರೆ ಅಕ್ಷರವಾಗಲಿ ಚುಕ್ಕಿಗೆರೆಯಾಗಲಿ ಬೇಕಾಗಲಿಲ್ಲ. ಈ ವಸ್ತುವಿನ ಕಥೆ ಬರೆಯುವವರು ಮೊದಲು ತಮ್ಮ ಭಾಷೆಯ ವ್ಯಾಕರಣವನ್ನು ಕೇಳಿ ನೋಡಬೇಕು, ಅಷ್ಟು ಉಪಕಾರ ಅದರಲ್ಲಿದೆ.

ವಿವರಗಳಿಗಾಗಿ ಅಮ್ಮನ ಬಳಿ ಕುಳಿತೆ. ‘ಆಗ ನಿನಗೆ ಹೇಗನ್ನಿಸಿತು’ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಅಮ್ಮನ ಪೀಳಿಗೆಯ ಹೆಂಗಸರ ಉತ್ತರ ‘ಎಂಥದೂ ಇಲ್ಲ’ ಎಂಬುದೇ. ಒಂದು ಹಾಳೆ, ಪೆನ್ಸಿಲು ಕೊಟ್ಟು ಹಳೆಯ ಮನೆಯ ನಕ್ಷೆ ಬಿಡಿಸಲು ಹೇಳಿದೆ. ಜಗುಲಿ, ನಡುಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ ಒಂದೊಂದಾಗಿ ಬಂದವು. ಯಾವ ಬಾಗಿಲು ಕರ್ರೆನ್ನುತ್ತಿತ್ತು, ಕೊನೆಯ ದಿನ ಒಲೆಯ ಮೇಲೆ ಏನು ಬೆಂದಿತು, ಹಂಚು ಮೊದಲು ಇಳಿಸಿದರೋ ದನಗಳನ್ನು ಮೊದಲು ಹೊಡೆದರೋ, ಲಾರಿಯಲ್ಲಿ ಅಜ್ಜಿ ಯಾವ ಬದಿಗೆ ಕುಳಿತಿದ್ದರು ಎಂದೆಲ್ಲ ಕೇಳಿದೆ. ನಕ್ಷೆಯ ಒಂದು ಮೂಲೆಗೆ ಬಂದಾಗ ಅಮ್ಮ ಪೆನ್ಸಿಲು ಕೆಳಗಿಟ್ಟರೆ ಅಂದಿಗೆ ಮುಗಿಯಿತು. ಮರುದಿನ ಆ ಮೂಲೆಗೆ ನಾನಾಗಿ ಹೋಗುತ್ತಿರಲಿಲ್ಲ. ಬಹಳ ಸಲ ಅಮ್ಮನೇ ಅಲ್ಲಿಗೆ ಬಂದರು.

ಹೀಗೆ ಕುಳಿತಾಗ ನನಗೆ ಮನದಟ್ಟಾದದ್ದು ಒಂದೇ ಮಾತು, ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಅಮ್ಮ ಏನನ್ನೂ ಮರೆತಿರಲಿಲ್ಲ. ಆಳದಲ್ಲಿ ಹೂತುಹೋಗಿದೆ, ಅಗೆದು ತೆಗೆಯಬೇಕು ಎಂದು ನಾವು ಮಾತಾಡುತ್ತೇವೆ. ಅಮ್ಮನ ಮಟ್ಟಿಗೆ ಅದೆಲ್ಲ ಮೇಲೆಯೇ ಇತ್ತು, ದಿನವೂ ಇತ್ತು. ಹೇಳುವುದಕ್ಕೆ ಸಂದರ್ಭವನ್ನು ಯಾರೂ ಕೊಟ್ಟಿರಲಿಲ್ಲ, ಅಷ್ಟೆ. ಹಾಗಿರುವಾಗ ಮನಸ್ಸನ್ನು ಓದುವ ಮಗಳ ಶಕ್ತಿ ಯಾವುದಕ್ಕೆ? ಎಲ್ಲಿ ಕಾಯಬೇಕು ಎಂದು ಗೊತ್ತಾಗುವುದಕ್ಕೆ. ಕಥೆಯಲ್ಲಿ ನಾನು ಆ ಶಕ್ತಿಗೆ ಕೊಟ್ಟ ಕೆಲಸ ಇದೊಂದೇ.

ತಾಯಿಯ ಅನುಮತಿಯಿಲ್ಲದೆ ಅವಳ ಮನಸ್ಸಿಗೆ ಇಳಿಯಬಹುದೇ ಎಂಬ ಪ್ರಶ್ನೆಗೆ ಈಚಿನ ವಿಜ್ಞಾನವೂ ನೆರವಾಯಿತು. 2023ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಮೆದುಳಿನ ಸ್ಕ್ಯಾನಿನಿಂದ ವ್ಯಕ್ತಿ ಕೇಳುತ್ತಿರುವ ಕಥೆಯ ಸಾರಾಂಶವನ್ನು ಹೊರತರುವ ವ್ಯವಸ್ಥೆಯನ್ನು ಪ್ರಕಟಿಸಿದರು. ಒಬ್ಬೊಬ್ಬರೂ ಗಂಟೆಗಟ್ಟಲೆ ಸ್ಕ್ಯಾನರ್‌ನಲ್ಲಿ ಮಲಗಿ ಕಥೆ ಕೇಳಬೇಕಿತ್ತು. ಒಬ್ಬರ ಮೇಲೆ ಪಳಗಿದ ವ್ಯವಸ್ಥೆ ಇನ್ನೊಬ್ಬರ ಮೇಲೆ ನಡೆಯಲಿಲ್ಲ. ವ್ಯಕ್ತಿ ಮನಸ್ಸಿನಲ್ಲೇ ಪ್ರಾಣಿಗಳ ಹೆಸರು ಹೇಳಿಕೊಳ್ಳುತ್ತ ಪ್ರತಿರೋಧಿಸಿದಾಗಲೂ ಆ ವ್ಯವಸ್ಥೆ ಸೋತಿತು. ಕಥೆಯ ತಾಯಿಗೂ ಇದೇ ಬಲ ಕೊಟ್ಟೆ. ಮಗಳು ಒಳಗೆ ಬಂದದ್ದು ಅವಳಿಗೆ ಮೊದಲಿನಿಂದಲೂ ಗೊತ್ತು. ಬೇಡವೆನಿಸಿದಾಗ ಕೊಟ್ಟಿಗೆಯ ದನಗಳ ಹೆಸರು ಹೇಳಿಕೊಳ್ಳುತ್ತಾಳೆ: ಗೌರಿ, ಕಪಿಲೆ, ಬೆಳ್ಳಿ. ಬಾಗಿಲು ಹಾಕಿಕೊಳ್ಳುತ್ತದೆ.

ಕೊನೆಗೆ ತಾಯಿ ತಾನಾಗಿ ತೋರಿಸುವ ಸಂಗತಿ ನಾನು ಕಟ್ಟಿದ್ದು. ನನ್ನ ಅಮ್ಮ ಹೇಳಿದ್ದು ಬೇರೆ, ಅದು ಕಥೆಗೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಕಥೆಯಲ್ಲಿ ಎಳೆಗೂಸಾಗಿ ತೀರಿಕೊಂಡ ತಂಗಿಯನ್ನು ತೋಟದ ಅಂಚಿನಲ್ಲಿ ಮಣ್ಣು ಮಾಡಿ ಮೇಲೊಂದು ಕಲ್ಲು ಇಟ್ಟಿರುತ್ತಾರೆ. ಮನೆ ಬಿಡುವ ದಿನ ಅಜ್ಜಿ ಒಂಬತ್ತರ ಹುಡುಗಿಗೆ ಆ ಕಲ್ಲನ್ನು ತರಲು ಹೇಳುತ್ತಾರೆ. ನೀರು ಅಂಚಿಗೆ ಬಂದಿರುತ್ತದೆ. ಹುಡುಗಿ ಹೆದರಿ ದಾರಿಯಲ್ಲೇ ಸಿಕ್ಕ ಬೇರೊಂದು ಕಲ್ಲನ್ನು ತಂದುಕೊಡುತ್ತಾಳೆ. ಅಜ್ಜಿ ಅದನ್ನು ಹೊಸ ಮನೆಯ ತುಳಸಿಕಟ್ಟೆಯಲ್ಲಿಟ್ಟು ಸಾಯುವವರೆಗೆ ಹೂ ಏರಿಸುತ್ತಾರೆ. ಭಯವೂ ನಾಚಿಕೆಯೂ ಒಂದೇ ಕಲ್ಲಿನವು.

ಅಚ್ಚಿಗೆ ಕಳಿಸುವ ಮೊದಲು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅವರು ಎರಡು ಮಾತು ಹೇಳಿದರು. ತೋಟದ ಅಂಚಿನಲ್ಲಿ ನಾನು ಹಾಕಿದ್ದ ಹಲಸಿನ ಮರ ಅಲ್ಲಿ ಸಲ್ಲದು, ಮುರುಗಲ ಮರ ಇರಲಿ ಎಂದರು, ತಿದ್ದಿದೆ. ಮಗಳು ಕೊನೆಯಲ್ಲಿ ‘ಅದು ನಿನ್ನ ತಪ್ಪಲ್ಲ’ ಎಂದು ತಾಯಿಗೆ ಹೇಳಲೇಬೇಕು ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ತಾಯಿ ಮೋಸ ಮಾಡಿದೆನೆಂದು ನೊಂದದ್ದು ಅಜ್ಜಿಗಾಗಿ. ಮನ್ನಿಸಬಹುದಾದವರು ಅಜ್ಜಿ ಒಬ್ಬರೇ, ಅವರು ಈಗಿಲ್ಲ. ಒಳಗೆ ಹೋಗಿ ನೋಡಿಬಂದ ಮಾತ್ರಕ್ಕೆ ಮಗಳಿಗೆ ಆ ಅಧಿಕಾರ ಬರುವುದಿಲ್ಲ. ಹಾಗೆಂದು ಅಮ್ಮನಿಗೆ ವಿವರಿಸಿದೆ. ಮಗಳಾದವಳು ಅಷ್ಟಾದರೂ ಹೇಳದೆ ಇರುತ್ತಾಳೆಯೇ ಎಂದು ಅಮ್ಮ ಈಗಲೂ ವಾದಿಸುತ್ತಾರೆ.