ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದೆ, ಗಿಡ ಉಳಿದವು

ಈ ಚಳಿಗಾಲದಲ್ಲಿ ನನ್ನ 40 ಚಿಲ್ಲರೆ ಕುಂಡಗಳಲ್ಲಿ ಹೋಗಿದ್ದು ಎರಡೇ ಗಿಡ. ಹೋದ ಸಲ ಅರ್ಧಕ್ಕರ್ಧ ಹೋಗಿದ್ದವು. ನೀರು ಕಡಿಮೆ ಮಾಡುತ್ತೇನೆ ಅಂದಾಗ "ಗಿಡ ಒಣಗಿಸ್ತೀಯಾ?" ಅಂತ ಮನೆಯವರೂ ಬೈದರು, ಗಿಡ ಬೆಳೆಸುವ ಗೆಳೆಯರೂ ನಕ್ಕರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ಸಲ ಎಲ್ಲರೂ ಮಾಡೋದನ್ನೇ ನಾನೂ ಮಾಡಿದ್ದೆ. ಎಲೆ ಹಳದಿಯಾಯಿತು, ನೀರು ಹಾಕಿದೆ. ಇನ್ನೂ ಬಾಡಿತು, ಇನ್ನೊಂದು ಚೊಂಬು ಸುರಿದೆ. ಆಮೇಲೆ ಗೊಬ್ಬರ, ಔಷಧಿ. ಆ ದುಡ್ಡಿನಲ್ಲಿ ಹೊಸ ಗಿಡಗಳೇ ಬರುತ್ತಿದ್ದವು. ಕೊನೆಗೆ ಒಂದು ದಾಸವಾಳವನ್ನು ಕಿತ್ತು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎಳೆದರೆ ಸಿಪ್ಪೆ ಕೈಗೇ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ. ಕೊಳೆತ ವಾಸನೆ ಬೇರೆ. ನೀರು ಕುಡಿಯುವ ಬೇರೇ ಹೋದ ಮೇಲೆ ಎಲೆ ಬಾಡದೆ ಇನ್ನೇನು?

ಈ ಸಲ ಕಡ್ಡಿ ಚುಚ್ಚಿ ನೋಡದೆ ಒಂದು ಹನಿ ಹಾಕಲಿಲ್ಲ. ಎರಡು ಇಂಚು ಒಳಗೆ ಹೋದ ಕಡ್ಡಿಗೆ ಮಣ್ಣು ಅಂಟಿ ಬಂದರೆ ಆವತ್ತು ನೀರಿಲ್ಲ. ದೊಡ್ಡ ಕುಂಡಕ್ಕೆ ಸುಮಾರು 6-7 ದಿನಕ್ಕೊಮ್ಮೆ ಸಾಕಾಯಿತು, ಚಿಕ್ಕದಕ್ಕೆ 3-4 ದಿನ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಅದರ ಲೆಕ್ಕ ಬೇರೆ. ನೀರು ಬಿಸಿಲೇರಿದ ಮೇಲೇ. ಸಂಜೆ ಯಾರಾದರೂ ಪೈಪ್ ಮುಟ್ಟಿದರೆ ಜಗಳ.

ಬುಡಕ್ಕೆ ತರಗೆಲೆ, 2-3 ಇಂಚು, ಕಾಂಡಕ್ಕೆ ತಾಗದ ಹಾಗೆ. ಅದರ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಂದು ಚಳಿಗಾಲ ಕಳೆಯಲಿ.

ರಾತ್ರಿ ಚಳಿ ತಾಗದ ಹಾಗೆ ಗಿಡದ ಮೇಲೆ ಹಾಕುವ ಹೊದಿಕೆಯಲ್ಲೂ ಎಡವಿದೆ. ಮೊದಲು ದುಡ್ಡು ಕೊಟ್ಟು ಪ್ಲಾಸ್ಟಿಕ್ ಹಾಳೆ ತಂದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ನೀರಿನ ಹನಿ, ಹಾಳೆಗೆ ತಾಗಿದ ಎಲೆಗಳೆಲ್ಲ ಕಪ್ಪು. ಈಗ ನಾಲ್ಕು ಕೋಲು ನೆಟ್ಟು ಹಳೇ ಬೆಡ್‌ಶೀಟ್ ಹಾಕುತ್ತೇನೆ. ಖರ್ಚು ಸೊನ್ನೆ. ಹೊತ್ತು ಮುಳುಗುವ ಮುಂಚೆಯೇ ಹೊದಿಸಬೇಕು, ಕತ್ತಲಾದ ಮೇಲೆ ಮಣ್ಣಿನ ಬಿಸಿ ಹಾರಿಹೋಗಿರುತ್ತದೆ.

ನಡುವೆ ಒಂದು ಹುಚ್ಚಾಟವನ್ನೂ ಆಡಿದೆ. ಬಾಟಲಿಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಹಗಲೆಲ್ಲ ಬಿಸಿಲಿಗಿಟ್ಟು, ರಾತ್ರಿ ಹೊದಿಕೆಯೊಳಗೆ ಸಾಲಾಗಿ ನಿಲ್ಲಿಸಿದೆ. ಥರ್ಮಾಮೀಟರ್‌ನಲ್ಲಿ ಒಂದೋ ಒಂದೂವರೆಯೋ ಡಿಗ್ರಿ ಜಾಸ್ತಿ ತೋರಿಸಿತು ಅಷ್ಟೇ. ತುಳಸಿಗೆ ಅಷ್ಟೂ ಸಾಕಾಯಿತು. ಗುಲಾಬಿಯ ಬೂದಿ ರೋಗಕ್ಕೆ (ಎಲೆ ಮೇಲೆ ಬಿಳಿ ಪುಡಿ ಕೂರುತ್ತದಲ್ಲ, ಅದು) ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿದೆ. ಬಿಸಿಲಿದ್ದ ವಾರ ಹಿಡಿತಕ್ಕೆ ಬಂತು, ಮೋಡದ ವಾರ ಸುಮ್ನೆ ವಾಸನೆ.

ಕಷ್ಟವಾಗಿದ್ದು ಕತ್ತರಿ ಕೆಳಗಿಡೋದು. ಒಂದು ದಾಸವಾಳ ಬರೀ ಕೋಲಾಗಿ ನಿಂತಿತ್ತು, ನೋಡಿದವರೆಲ್ಲ ಕಿತ್ತುಹಾಕು ಅಂದರು. ಉಗುರಲ್ಲಿ ತೊಗಟೆ ಕೆರೆದೆ, ಒಳಗೆ ಹಸಿರಿತ್ತು. ಚಳಿ ಮುಗಿಯುವವರೆಗೆ ಸವರಲಿಲ್ಲ, ಗೊಬ್ಬರವನ್ನೂ ಹಾಕಲಿಲ್ಲ. ಹೋದ ವಾರ ಬುಡದಿಂದ ನಾಲ್ಕು ಬೆರಳು ಮೇಲೆ ಚಿಗುರು ಒಡೆದಿದೆ. ಕಿತ್ತುಹಾಕು ಅಂದವರೇ ಈಗ ಕಟಿಂಗ್ ಕೇಳುತ್ತಿದ್ದಾರೆ.