ದೇವರಿಗೆ ಹಿಟ್ ಪಾಯಿಂಟ್ ಎಷ್ಟು?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. ಅದನ್ನು ಆಡಿಸುವ ಮುನ್ನ ಯಾರದು ಯಾವ ಧರ್ಮ ಎಂದು ನಾನು ಕೇಳುವುದಿಲ್ಲ. ಕೇಳಿ ಪ್ರಯೋಜನವೂ ಇಲ್ಲ. ಚರ್ಚಿಗೆ ತಪ್ಪದೆ ಹೋಗುವ ಇಬ್ಬರಲ್ಲಿ ಒಬ್ಬರು ಮಾಟಗಾರನ ಪಾತ್ರವನ್ನು ಸಲೀಸಾಗಿ ಆಡುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟುವುದಿಲ್ಲ. ಕೇಳಬೇಕಾದ್ದು ಆಟದಲ್ಲಿ ಏನೇನು ನಡೆಯಬಹುದು ಎಂದು.

ಅದಕ್ಕೆ ಆಟ ಶುರುವಾಗುವ ಮುಂಚಿನ ಮಾತುಕತೆಯಲ್ಲಿ, ಅಂದರೆ ಸೆಷನ್ ಝೀರೋದಲ್ಲಿ, ಹೆಸರಿಲ್ಲದ ಚೀಟಿ ಹಂಚುತ್ತೇನೆ. ಪಿಶಾಚಿಯನ್ನು ಆವಾಹಿಸುವುದು, ಗುಡಿ ಒಡೆಯುವುದು, ಬಲಿ, ಸತ್ತವರನ್ನು ಬದುಕಿಸುವುದು, ಈಗಲೂ ಪೂಜೆಗೊಳ್ಳುವ ದೇವರ ಹೆಸರು. ಪ್ರತಿಯೊಂದರ ಮುಂದೆ ‘ಸರಿ’, ‘ತೆರೆಮರೆಯಲ್ಲಿ’ (ನಡೆಯಲಿ, ವರ್ಣನೆ ಬೇಡ), ‘ಬೇಡ’ ಇವುಗಳಲ್ಲಿ ಒಂದನ್ನು ಬರೆಯಬೇಕು. ಐದು ಚೀಟಿಯಲ್ಲಿ ಒಂದರಲ್ಲಿ ‘ಬೇಡ’ ಎಂದಿದ್ದರೂ ಅದು ಎಲ್ಲರಿಗೂ ಬೇಡ. ಕಾರಣ ಕೇಳಬಾರದು. ಕೇಳಿದ ಕೂಡಲೇ ಅದು ವಾದವಾಗುತ್ತದೆ, ಆಟ ಅಲ್ಲಿಗೇ ಮುಗಿಯುತ್ತದೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟ ಪಿಶಾಚಿಪೂಜೆ ಕಲಿಸುತ್ತದೆ ಎಂದು ಎದ್ದ ಗಲಾಟೆಯೆಲ್ಲ ಡೀಮನ್‌ಗಳ, ಅಂದರೆ ಆಟದ ಪಿಶಾಚಿಗಳ, ಸುತ್ತ. 1989ರಲ್ಲಿ ಬಂದ ಆಟದ ಎರಡನೇ ಆವೃತ್ತಿಯಲ್ಲಿ ಅವುಗಳ ಹೆಸರನ್ನೇ ಬದಲಿಸಿದರು. ನಮ್ಮ ಮೇಜಿನ ತೊಡಕು ಬೇರೆ. 1980ರಲ್ಲೇ ಇದೇ ಆಟದ ದೇವತೆಗಳ ಪುಸ್ತಕವೊಂದು ಇಂದ್ರ, ವಿಷ್ಣು, ಕಾಳಿಯರಿಗೂ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಲ್ಲರು ಎಂಬ ಅಂಕಿ, ಕೊಟ್ಟಿತ್ತು. ಹಿಟ್ ಪಾಯಿಂಟ್ ಇದ್ದರೆ ಯಾರಾದರೂ ಹೊಡೆದೇ ಹೊಡೆಯುತ್ತಾರೆ! ಆದ್ದರಿಂದ ನನ್ನ ಲೋಕದ ದೇವರುಗಳೆಲ್ಲ ಕಲ್ಪಿತರು. ಅವರಿಗೂ ಅಂಕಿ ಇಡುವುದಿಲ್ಲ.

ಕನ್ನಡದಲ್ಲಿ ಆಡಿಸುವವರು ಹೆಚ್ಚು ಎಡವುವುದು ಪದಗಳಲ್ಲಿ. ಡೀಮನ್ ಅನ್ನು ‘ಭೂತ’ ಎಂದರೆ ಘಟ್ಟದ ಮೇಲಿನವರು ನಗಬಹುದು, ಮಂಗಳೂರು ಕಡೆಯವರ ಮುಖ ಬಿಗಿಯುತ್ತದೆ. ಅಲ್ಲಿ ಭೂತವೆಂದರೆ ಕೋಲ ಕೊಟ್ಟು ಕೈಮುಗಿಯುವ ದೈವ. ‘ಡೀಮನ್’ ಎಂದೇ ಬಿಡಿ. ಈ ಆಟದ ಹುಲಿಮುಖದ, ಅಂಗೈ ಹಿಂದುಮುಂದಾದ ‘ರಾಕ್ಷಸ’ ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ತಮಾಷೆಯಾಗಿ ಕಾಣುತ್ತಾನೆ. ಅವನನ್ನು ‘ಹುಲಿಮೊಗ’ ಎಂದು ಕರೆದರೆ ಭಯ ಉಳಿಯುತ್ತದೆ.

ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪುರೋಹಿತ) ಆಡುವವರು ಮೊದಲು ಡೊಮೇನ್, ಅಂದರೆ ಬೆಳಕು, ಯುದ್ಧದಂಥ ಶಕ್ತಿಯ ಕ್ಷೇತ್ರ, ಆರಿಸಲಿ; ಆಮೇಲೆ ದೇವರು. ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ‘ನನ್ನ ಪಾತ್ರ ಪ್ರಾರ್ಥಿಸುತ್ತದೆ’ ಎಂದರೆ ಸಾಕು, ಡೈಸ್ ಉರುಳಿಸಬಹುದು. ಬೇರೊಂದು ದೇವರಿಗೆ ‘ನಾನು’ ಎಂದು ಮೊರೆಯಿಡಲು ಹಿಂಜರಿಯುವವರಿಗೆ ಈ ಒಂದು ವಾಕ್ಯದ ವ್ಯತ್ಯಾಸ ದೊಡ್ಡದು. ನಾಸ್ತಿಕರಿಗೆ ಪ್ರತಿಜ್ಞೆ ತೊಟ್ಟ ಯೋಧನಾದ ಪ್ಯಾಲಡಿನ್ ಪಾತ್ರ ಕೊಡಿ: 2014ರ ನಿಯಮದಲ್ಲಿ ಅವನ ಶಕ್ತಿ ದೇವರಷ್ಟೇ ಪ್ರತಿಜ್ಞೆಯಿಂದಲೂ ಬರುತ್ತದೆ. ಸತ್ತವನನ್ನು ಎಬ್ಬಿಸುವ ‘ರೈಸ್ ಡೆಡ್’ ಮಂತ್ರಕ್ಕೆ ಆಟದ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನ ಮೀರಿರಬಾರದು, ಆತ್ಮವೂ ಒಪ್ಪಬೇಕು. ಆ ಒಪ್ಪಿಗೆಯನ್ನು ಆಟಗಾರರಿಂದ ಪಕ್ಕಕ್ಕೆ ಕರೆದು ಕೇಳಿ, ಎಲ್ಲರೆದುರು ಬೇಡ.

ಎಕ್ಸ್ ಕಾರ್ಡ್, ಅಂದರೆ X ಎಂದು ಬರೆದ ಒಂದು ಕಾರ್ಡ್, ಮೇಜಿನ ನಡುವೆ ಇರಲಿ. ದೃಶ್ಯ ಹಿಡಿಸದ ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಬಿಟ್ಟು ಮುಂದೆ ಹೋಗಬೇಕು. ಸಂಕೋಚಕ್ಕೆ ಯಾರೂ ಮುಟ್ಟುವುದಿಲ್ಲ, ಹಾಗಾಗಿ ಮೊದಲ ಗಂಟೆಯೊಳಗೆ ಯಾವುದಾದರೂ ಸಣ್ಣ ವಿಷಯಕ್ಕೆ ನಾನೇ ಮುಟ್ಟಿ ತೋರಿಸುತ್ತೇನೆ.

ಇನ್ನು ತಿಂಡಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಒಂದು ತಟ್ಟೆ ಬೇರೆ ಚಮಚದೊಂದಿಗೆ ಇರಲಿ. ರಂಜಾನ್‌ನಲ್ಲಿ ಆಟದ ಬಿಡುವು ಇಫ್ತಾರ್ ಹೊತ್ತಿಗೇ ಬರಲಿ.