ಓಟಿ ಸೆಷನ್ ಫಲ ಕೊಡುತ್ತಿದೆಯಾ? ಮನೆಯಲ್ಲೇ ಅಳೆಯುವುದು ಹೀಗೆ

ಮಿಕ್ಸಿ ಹಾಕಿದರೆ ಸಾಕು, ಮಗು ಎರಡೂ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತದೆ. ಕಾಲರಿನ ಲೇಬಲ್ ಚುಚ್ಚುತ್ತದೆ ಎಂದು ಅಂಗಿ ಕಿತ್ತೆಸೆಯುತ್ತದೆ. ಉಗುರು ಕತ್ತರಿಸಲು ಇಬ್ಬರು ಹಿಡಿದುಕೊಳ್ಳಬೇಕು. ಇಂಥ ಮಕ್ಕಳನ್ನು ಹಟಮಾರಿ ಎಂದು ಗದರುವವರೇ ಜಾಸ್ತಿ. ಅದು ಹಟವಲ್ಲ, ಸದ್ದು, ಸ್ಪರ್ಶ, ಚಲನೆಯನ್ನು ಮಿದುಳು ಹೊಂದಿಸಿಕೊಳ್ಳುವುದರಲ್ಲೇ ತೊಡಕಿರಬಹುದು ಎಂದವರು ಅಮೆರಿಕದ ಜೀನ್ ಏರ್ಸ್. ಅವರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ (ಓಟಿ) ಕೊಡುವವರು. 1972ರಲ್ಲಿ ಅವರು ಈ ವಿಚಾರವನ್ನು ಪುಸ್ತಕವಾಗಿ ಬರೆದರು. ಅಲ್ಲಿಂದ ಬಂದದ್ದೇ ಸೆನ್ಸರಿ ಇಂಟಿಗ್ರೇಷನ್ ಥೆರಪಿ, ಉಯ್ಯಾಲೆಯಂಥ ಆಟಗಳ ಮೂಲಕ ಮಿದುಳಿಗೆ ಈ ಹೊಂದಿಕೆ ಕಲಿಸಲು ನೋಡುವ ಓಟಿ ಸೆಷನ್.

ಈ ಥೆರಪಿಗೆ ಪುರಾವೆ ಕಡಿಮೆ, ಪಾಲಕರಿಗೆ ಅದನ್ನು ಹೇಳಿಯೇ ಶುರು ಮಾಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಹೇಳಿತು. 2014ರಲ್ಲಿ ಅಲ್ಲಿಯೇ ಆಟಿಸಂ ಇರುವ 32 ಮಕ್ಕಳ ಮೇಲೆ ಪ್ರಯೋಗ ನಡೆಯಿತು. 30 ಸೆಷನ್ ಪಡೆದ ಮಕ್ಕಳು ತಮಗೆಂದು ಗೊತ್ತುಮಾಡಿದ ಗುರಿಗಳಲ್ಲಿ ಮುಂದೆ ಬಂದರು. 2022ರಲ್ಲಿ ಬಂದ ಬ್ರಿಟನ್ನಿನ ವರದಿ ಇನ್ನೂ ದೊಡ್ಡದು, 138 ಮಕ್ಕಳು. ಸಿಡಿಮಿಡಿ, ರಂಪಾಟದ ವಿಷಯದಲ್ಲಿ ಥೆರಪಿಯಿಂದ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 'ಮಗು ಸುಧಾರಿಸಲಿ' ಎಂದು ಸುಮ್ನೆ ಕಳಿಸಬೇಡಿ, ಒಂದು ಗುರಿ ಗೊತ್ತುಮಾಡಿಕೊಂಡು ಅಳೆಯಿರಿ.

ಹೆಜ್ಜೆ 1: ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿ, ಕಣ್ಣು ಪರೀಕ್ಷೆ ಆಗಲಿ.

ಹೆಜ್ಜೆ 2: ಒಂದೇ ಒಂದು ದಿನನಿತ್ಯದ ಕೆಲಸ ಆರಿಸಿ. 'ಏಕಾಗ್ರತೆ ಬರಬೇಕು' ಎಂಬುದನ್ನು ಅಳೆಯಲು ಆಗುವುದಿಲ್ಲ. 'ಅಳದೆ ಉಗುರು ಕತ್ತರಿಸಿಕೊಳ್ಳಬೇಕು' ಎಂಬುದನ್ನು ಅಳೆಯಬಹುದು.

ಹೆಜ್ಜೆ 3: ಥೆರಪಿಸ್ಟ್ ಜೊತೆ ಕೂತು ಐದು ಮೆಟ್ಟಿಲು ಬರೆಯಿರಿ. ಸಂಶೋಧಕರು ಬಳಸುವ ಕ್ರಮವೇ ಇದು, ಮೈನಸ್ 2ರಿಂದ ಪ್ಲಸ್ 2ರವರೆಗೆ. ಮಿಕ್ಸಿಯನ್ನೇ ತೆಗೆದುಕೊಳ್ಳೋಣ. ಅಂಗಳಕ್ಕೆ ಓಡುವುದು ಮೈನಸ್ 2, ಅದು ಇವತ್ತಿನ ಸ್ಥಿತಿ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಮೈನಸ್ 1. ಕಿವಿ ಮುಚ್ಚಿಕೊಂಡು ಹಾಲ್‌ನಲ್ಲೇ ಕೂತರೆ ಸೊನ್ನೆ, ಅದೇ ನಿಮ್ಮ ಗುರಿ. ಕಿವಿ ಮುಚ್ಚದೆ ಕೂತರೆ ಪ್ಲಸ್ 1. ಅಡುಗೆಮನೆಯಲ್ಲಿ ನಿಮ್ಮ ಪಕ್ಕ ನಿಂತರೆ ಪ್ಲಸ್ 2. ಈ ಹಾಳೆಯನ್ನು ಫ್ರಿಡ್ಜ್ ಮೇಲೆ ಅಂಟಿಸಿ, ವಾರಕ್ಕೊಮ್ಮೆ ಗುರುತು ಹಾಕಿ. ಅಪ್ಪ, ಅಮ್ಮ ಬೇರೆ ಬೇರೆಯಾಗಿ ಹಾಕಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 4: ಸೆಷನ್ ಒಂದನ್ನಾದರೂ ಕಣ್ಣಾರೆ ನೋಡಿ. ಮಗು ತಾನೇ ಇಷ್ಟಪಟ್ಟು ಉಯ್ಯಾಲೆ ಹತ್ತಬೇಕು. ಅಳುವ ಮಗುವನ್ನು ಎತ್ತಿ ಕೂರಿಸುವುದು ಏರ್ಸ್ ಹೇಳಿದ ಪದ್ಧತಿಯೇ ಅಲ್ಲ.

ಹೆಜ್ಜೆ 5: ದುಬಾರಿ ಸಾಮಾನಿಗೆ ಅವಸರ ಬೇಡ. ನಿದ್ದೆಗೆ ಒಳ್ಳೆಯದೆಂದು ಹೊದಿಸುವ ಭಾರದ ಕಂಬಳಿಯಿಂದ ಆಟಿಸಂ ಇರುವ ಮಕ್ಕಳ ನಿದ್ದೆಯ ಹೊತ್ತು ಹೆಚ್ಚಲಿಲ್ಲ ಎಂದು 2014ರಲ್ಲೇ ಬ್ರಿಟನ್ನಿನ ಪ್ರಯೋಗ ತೋರಿಸಿತು. ಮಕ್ಕಳಿಗೆ ಕಂಬಳಿ ಇಷ್ಟವಾಗಿತ್ತು, ಅದು ಬೇರೆ ಮಾತು.

ಹೆಜ್ಜೆ 6: ಮೂರು ತಿಂಗಳಿಗೆ ಹಾಳೆ ಹಿಡಿದು ಮತ್ತೆ ಕೂರಿ. ಗುರುತು ಕದಲದಿದ್ದರೆ ಗುರಿ ಬದಲಿಸಬೇಕಾ, ನಿಲ್ಲಿಸಬೇಕಾ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಅಲ್ವಾ?

ಅಲ್ಲಿಯವರೆಗೆ ಮನೆಯಲ್ಲಿ ಒಂದು ಕೆಲಸ ಮಾಡಿ. 'ಈಗ ಸದ್ದು ಬರುತ್ತೆ ಪುಟ್ಟಾ' ಎಂದು ಮೊದಲೇ ಹೇಳಿ. ಅವನು ಒಪ್ಪಿದ ದಿನ, ಮಿಕ್ಸಿ ಆಫ್ ಮಾಡುವುದನ್ನು ಅವನ ಕೈಗೇ ಬಿಡಿ.